ಅತ್ತೆಯ ಜೊತೆ ನೀರು ಬೀಳುವಲ್ಲಿಗೆ

ನನ್ನ ಹೆಂಡತಿಯ ತವರು ಮಿಡಿಗೇಶಿಯಿಂದ ಕೊಂಚ ಒಳಗಿನ ಹಳ್ಳಿ. ಊರ ಹಿಂದೆ ಒಂದು ಸಣ್ಣ ಗುಡ್ಡ, ಸುತ್ತ ಕಮರ, ತುಗ್ಗಲಿ ಮರಗಳ, ಸೀತಾಫಲದ ಕಾಡು. ಒಳ್ಳೆ ಮಳೆಯಾದರೆ ಗುಡ್ಡದ ಆಚೆ ಮಗ್ಗುಲಲ್ಲಿ ಬಂಡೆಯ ಮೇಲಿಂದ ನೀರು ಬೀಳುತ್ತದೆ, ಕೆಲವೇ ದಿನ. ಅವಳಿದ್ದಾಗ ಅವಳು, ನಾನು, ಅವಳ ಅವ್ವ, ಮೂವರೂ ನೋಡಲು ಹೋಗುತ್ತಿದ್ದೆವು.

ಈ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ತಿಥಿ ಮುಗಿದ ಮೇಲೆ ನಾನು ಆ ಊರಿಗೆ ಹೋಗಿರಲಿಲ್ಲ. ನಮಗೆ ಮಕ್ಕಳಿಲ್ಲ. ಅವಳೇ ಇಲ್ಲವಾದ ಮೇಲೆ ಆ ಮನೆಗೆ ನಾನು ಯಾರು? ನೀರು ಬೀಳುತ್ತಿದೆ ಎಂದು ಬಸ್ಸಿನಲ್ಲಿ ಯಾರೋ ಅಂದದ್ದು ಕೇಳಿ ಒಂದು ಭಾನುವಾರ ಹೊರಟೆ. ನೀರಿಗಿಂತ ಹೆಚ್ಚಾಗಿ, ಆ ಮನೆಗೆ ಇನ್ನು ಹೋಗಬಹುದೋ ಇಲ್ಲವೋ ತಿಳಿಯಬೇಕಿತ್ತು.

ನಮ್ಮಲ್ಲಿ ಅತ್ತೆಯಾದವರು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಮದುವೆಯಾದಾಗಿನಿಂದ ಅತ್ತೆಯ ಮಾತೆಲ್ಲ ನನಗೆ ಬಂದದ್ದು ಹೆಂಡತಿಯ ಮೂಲಕ. "ಕೇಳೇ, ಇನ್ನೊಂದ್ ಮುದ್ದೆ ಇಕ್ಲಾ ಅಂತ" ಎಂದು ಬಾಗಿಲ ಮರೆಯಿಂದ ಹೇಳುವರು. ನನಗೆ ಕೇಳಿಸಿರುತ್ತದೆ. ಆದರೂ ಅವಳು ಹೇಳಿದ ಮೇಲೆಯೇ ನನ್ನ ಉತ್ತರ. ಅದನ್ನೂ ಅವಳು ಬೇಕೆಂದೇ ತಿರುಚುವಳು: "ಎಲ್ಡು ಬೇಕಂತೆ ಕಣವ್ವ."

ಅಂದು ನನ್ನನ್ನು ಕಂಡು ಅತ್ತೆ ಸೆರಗು ಎಳೆದುಕೊಂಡು ಒಳಗೆ ಹೋದರು. ಚೊಂಬಿನಲ್ಲಿ ನೀರು ತಂದು ಜಗಲಿಯ ಮೇಲಿಟ್ಟು ಮತ್ತೆ ಮರೆಯಾದರು. ಯಾರಿಗೆ ಹೇಳುವುದು? ಕಂಬ ನೋಡಿಕೊಂಡು, "ಗುಡ್ಡಕ್ಕೋಗಿ ನೀರು ನೋಡ್ಕಂಡ್ ಬತ್ತೀನಿ" ಅಂದೆ. ಒಳಗೆ ಅತ್ತೆ ಡಬ್ಬಿ ತೆಗೆದ ಸದ್ದಾಯಿತು. ಆಮೇಲೆ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು, ಕೈಯಲ್ಲಿ ಮಚ್ಚು ಹಿಡಿದು ಹೊರಗೆ ಬಂದರು. ಬಾಗಿಲಲ್ಲಿ ಮಲಗಿದ್ದ ನಾಯಿಗೆ ಹೇಳಿದರು: "ಏಳ್ಲಾ. ಒಬ್ರೇ ಹೋಗೋದ್ ಬ್ಯಾಡ, ಕರಡಿ ಅವೆ ಅಂತ ಹೇಳು."

ಮುಂದೆ ನಾಯಿ, ನಡುವೆ ನಾನು, ಹಿಂದೆ ಅತ್ತೆ.

"ಎಡಕ್ಕೋಗು ಅನ್ಲಾ, ಬಲಕ್ಕೆ ಮುಳ್ಳೈತೆ."

ಸ್ವಲ್ಪ ದೂರ ಹೋದ ಮೇಲೆ ನಾನೂ ಕಲಿತೆ. "ಸೀತಾಫಲ ಹಣ್ಣಾಗೈತೆ. ಬೇಕಾ ಕೇಳು."

"ಹಲ್ಲಿಲ್ದೋರಿಗೆ ಇನ್ನೇನ್ ಸಿಕ್ತದೆ, ಕಿತ್ಕೊಡು ಅನ್ನು."

ಅಷ್ಟರಲ್ಲಿ ಪೊದೆಯಿಂದ ಮೊಲ ಎದ್ದು ನಾಯಿ ಅದರ ಹಿಂದೆ ಓಡಿತು. ಮಾತು ಅಲ್ಲಿಗೇ ನಿಂತಿತು. ಕಿತ್ತ ಹಣ್ಣು ಹಿಡಿದು ನಾನು ಒಂದು ಕಡೆ, ಅವರು ಒಂದು ಕಡೆ, ನಾಯಿ ಬರುವವರೆಗೆ ಸುಮ್ಮನೆ ನಿಂತಿದ್ದೆವು. ಅವಳಿದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಳು ಅನ್ನಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

ತುದಿ ಬರೀ ಬೋಳು ಬಂಡೆ. ಗುಡಿಯಿಲ್ಲ, ಹಾಗಾಗಿ ಮನೆಯಲ್ಲಿ ಸಾವಾಗಿ ವರ್ಷ ತುಂಬದ ನಾವು ಹತ್ತಿದರೂ ತಪ್ಪಿಲ್ಲ. ಕೆಳಗೆ ಕಡಲೆಕಾಯಿ ಹೊಲಗಳು ಹಸಿರಾಗಿದ್ದವು. ದೂರದಲ್ಲಿ ಮಿಡಿಗೇಶಿಯ ಕೋಟೆ ಬೆಟ್ಟದ ಮೇಲೆ ಮೋಡದ ನೆರಳು ಸರಿಯುತ್ತಿತ್ತು. ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ರೊಟ್ಟಿ ತಿಂದೆವು.

ನೀರಿನ ಕಡೆಗೆ ಇಳಿಜಾರು ಬಂಡೆಯ ಮೇಲೆ ಇಳಿಯಬೇಕು. ಪಾಚಿ ಕಟ್ಟಿತ್ತು. ನಾಯಿ ಒಂದು ಹೆಜ್ಜೆ ಇಟ್ಟು ನೋಡಿ ಹಿಂದೆ ಸರಿದು ಮೇಲೆಯೇ ಉಳಿಯಿತು. ನಾನು ಅರ್ಧಕ್ಕೆ ಬಂದಿದ್ದೆ, ಕಾಲು ಸರ್ರನೆ ಜಾರಿತು.

"ಲೇ! ಚಪ್ಲಿ ಬುಡ್ಲಾ! ಬಿದ್ದೋಯ್ತೀಯ!"

ಕಲ್ಲಿನ ಅಂಚು ಹಿಡಿದು ನಿಂತೆ. ತಿರುಗಿದರೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಅವರ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಹಣೆ ಅವಳದೇ. ಚಪ್ಪಲಿ ಬಿಟ್ಟು ಕೈ ಚಾಚಿದೆ. "ಹಿಡ್ಕಳಿ ಅತ್ತೆ."

ಹಿಡಿದುಕೊಂಡರು. ಕೆಳಗೆ ಮುಟ್ಟಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ನೀರು ತೋಳಿನಷ್ಟು ದಪ್ಪ ಬೀಳುತ್ತಿತ್ತು. ಅವರು ಮುಖ ತೊಳೆದುಕೊಂಡು, ಒರೆಸಿಕೊಳ್ಳದೆ ಕೂತರು.

"ಅಡ್ಗೆ ಯಾರಪ್ಪ ಮಾಡೋದು?"

"ನಾನೇ. ಮುದ್ದೆ ಬತ್ತದೆ, ಸಾರು ಬರಲ್ಲ."

"ಹುಳ್ಳಿ ಸಾರೂ ಬರಲ್ವಾ?"

"ಇಲ್ಲ."

"ಭಾನುವಾರ ಭಾನುವಾರ ಬಂದ್ಬುಡು. ಮಿಕ್ಕ ದಿನಕ್ಕೆ ಹೇಳ್ಕೊಡ್ತೀನಿ, ಕೇಳು."

ಹುರುಳಿ ಹುರಿಯುವುದರಿಂದ ಶುರುಮಾಡಿದರು. ನೀರಿನ ಸದ್ದಿಗೆ ಕೆಲವು ಮಾತು ಕೇಳಿಸಲಿಲ್ಲ. ಹತ್ತಿರ ಸರಿದು ಮತ್ತೆ ಕೇಳಿದೆ. ಗಟ್ಟಿಯಾಗಿ, ಮೊದಲಿನಿಂದ ಹೇಳಿದರು.