ಚಪ್ಪಲಿ ಬಿಟ್ಟು ಕಾರು ಹತ್ತುತ್ತಿದ್ದ ಮರುಳಪ್ಪ

ಮರುಳಪ್ಪನವರು ಕಾರು ಹತ್ತುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. ಬಿಟ್ಟಿದ್ದನ್ನು ಜೋಡಿಸಿ ಸೀಟಿನ ಹಿಂದೆ ಇಟ್ಟು, ಅಂಗಾಲನ್ನು ಟವೆಲಿನಿಂದ ಒರೆಸಿಕೊಂಡು, ಆಮೇಲೆ ಒಳಗೆ ಕಾಲಿಡುವುದು. ನೋಡಿದವರು ಭಕ್ತಿ ಅಂದುಕೊಳ್ಳುತ್ತಿದ್ದರು. ನಾನು ಜಿಪುಣತನ ಅಂದುಕೊಂಡಿದ್ದೆ. ಯಾಕೆಂದರೆ ಕಾರಿನ ನೆಲಕ್ಕೆ ಮ್ಯಾಟ್ ಹಾಕಿಸಿ ಅಂತ ನಾನು ಎಷ್ಟು ಸಲ ಹೇಳಿದರೂ ಅವರು ಹಾಕಿಸಿರಲಿಲ್ಲ. ನೋಡಿದವರ ಅಂದಾಜೂ ತಪ್ಪು, ನನ್ನದೂ ತಪ್ಪು.

ಅವರ ಕಸುಬು ಕಾರಿನದಲ್ಲ, ತೆಂಗಿನಕಾಯಿಯದು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗಿರಬೇಕು. ಒಳಗಿನ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಂಡಿನ ಹಾಗೆ ಉರುಳಬೇಕು. ಆತುರ ಬಿದ್ದು ಮುಂಚೆಯೇ ಸುಲಿಸಿದರೆ ಕೊಬ್ಬರಿ ಒಡೆಯುತ್ತದೆ, ಇಲ್ಲವೇ ಬೂಷ್ಟು ಹಿಡಿಯುತ್ತದೆ. ವರ್ಷವೆಲ್ಲ ಕಾದಿದ್ದು ದಂಡ. ಆದ್ದರಿಂದ ಅಟ್ಟ ಇಳಿಸುವ ಮುಂಚೆ ಮರುಳಪ್ಪನವರನ್ನು ಕರೆಸುತ್ತಿದ್ದರು. ಅವರು ಏಣಿ ಹತ್ತಿ, ಕಾಯಿ ರಾಶಿಯ ನಡುವೆ ಕುಕ್ಕರುಗಾಲಲ್ಲಿ ಕೂತು, ಮೂಲೆ ಮೂಲೆಯಿಂದ ಒಂದೊಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಂದೋ "ಇಳಿಸ್ರಪ್ಪ" ಅನ್ನುವರು, ಇಲ್ಲ "ಇನ್ನೊಂದ್ ತಿಂಗ್ಳು ನಿದ್ದೆ ಮಾಡ್ಲಿ ಬುಡ್ರಿ" ಅನ್ನುವರು. ಹಂದನಕೆರೆಯಿಂದ ತುರುವೇಕೆರೆಯವರೆಗೆ ಜನ ಅವರನ್ನು ಕಿವಿ ಮರುಳಪ್ಪ ಅಂತಲೇ ಕರೆಯುತ್ತಿದ್ದರು.

ಅದೇ ಹಂದನಕೆರೆಯಲ್ಲಿ ಒಂದು ವರ್ಷ ಒಬ್ಬ ರೈತರ ಅಟ್ಟ ನೋಡಿ "ಇಳಿಸ್ರಪ್ಪ" ಅಂದುಬಿಟ್ಟರು. ಸುಲಿದು ನೋಡಿದರೆ ಮೂರಕ್ಕೊಂದು ಕಾಯಲ್ಲಿ ಇನ್ನೂ ಒಂದು ಗುಟುಕು ನೀರು. ಆ ಕೊಬ್ಬರಿ ತಿಪಟೂರಿನ ಮಂಡಿಗೆ ಬರುವ ಮುಂಚೆ ಸುದ್ದಿ ಬಂತು. "ಕಿವಿ ಮರುಳಪ್ಪಂಗೆ ಕಿವಿ ಹೋಯ್ತಂತೆ ಕಣ್ರಲಾ!" ಮೂಟೆ ಹೊರುವವರಿಂದ ಹಿಡಿದು ತೂಕ ಹಾಕುವವರವರೆಗೆ ಎಲ್ಲರೂ ಅದನ್ನೇ ಆಡಿಕೊಂಡು ನಕ್ಕರು. ಮುಂದಿನ ವರ್ಷ ಅವರನ್ನು ಅಟ್ಟ ಹತ್ತಿಸಿದವರು ಯಾರೂ ಇಲ್ಲ.

ಅವರು ನನ್ನ ಹತ್ತಿರ ಬಂದದ್ದು ಆಗ. ನಾನು ತಿಪಟೂರಿನಲ್ಲಿ ಹಳೇ ಗಾಡಿ ಕೊಂಡು ಮಾರುವವನು. ಸೈಕಲ್ ಮೇಲೆ ಊರೂರು ಸುತ್ತಿ ತೆಂಗಿನ ಚಿಪ್ಪು ಕೊಳ್ಳುತ್ತಾ ಶುರು ಮಾಡಿದವನು, ನನಗೆ ಯಾರೂ ಅಂಗಡಿ ಇಟ್ಟುಕೊಡಲಿಲ್ಲ. ಹಾಗಾಗಿ ಬಂದ ಗಿರಾಕಿಯ ಮುಖ ನೋಡಿದರೆ ಸಾಕು, ಅವರಿಗೆ ಏನು ಬೇಕು ಅಂತ ಗೊತ್ತಾಗುತ್ತದೆ ಅನ್ನುವ ಜಂಬ ಇತ್ತು. ಇವರದು ಗೊತ್ತಾಗಲಿಲ್ಲ.

"ಲೋಕೇಸ, ಒಂದು ಸತ್ತೋಗಿರೋ ಕಾರು ಕೊಡು ಕಣ್ಲಾ."

"ಸತ್ತಿದ್ದು ಯಾಕಣ್ಣ? ಓಡೋದೇ ಕೊಡ್ತೀನಿ."

"ಓಡೋದನ್ನ ಯಾವನಾದ್ರೂ ಓಡುಸ್ತಾನೆ. ಸತ್ತಿರೋದನ್ನ ಮನೇಲಿ ನಾನೇ ಎಬ್ಬುಸ್ತೀನಿ. ಎಬ್ಬುಸಿ ದಿನಾ ಮಂಡಿ ಮುಂದೆ ಓಡುಸ್ತೀನಿ. ನನ್ನ ಕಿವಿ ಹೋಗೈತೆ ಅಂದೋರೆಲ್ಲ ಅದರ ಸದ್ದು ಕೇಳ್ಲಿ."

ನನ್ನ ಬಳಿ ಒಂದು ಹಳೇ ಅಂಬಾಸಿಡರ್ ಇತ್ತು. ಹಿಟ್ಟಿನ ಗಿರಣಿಯ ಹಿಂದೆ ವರ್ಷಾನುಗಟ್ಟಲೆ ನಿಂತು, ಕೋಳಿಗಳು ಮೊಟ್ಟೆ ಇಡಲು ಬಳಸುತ್ತಿದ್ದ ಗಾಡಿ. ಮರುಳಪ್ಪನವರು ಬಾನೆಟ್ಟನ್ನೂ ಎತ್ತಲಿಲ್ಲ. ಬಲಗೈ ಬೆರಳ ಗೆಣ್ಣಿನಿಂದ ತಗಡನ್ನು ಬಡಿಯುತ್ತಾ, ಪಕ್ಕದಲ್ಲೇ ಎಡಗೈ ಅಂಗೈಯನ್ನು ಅಗಲಿಸಿ ಒತ್ತಿಕೊಂಡು, ಗಾಡಿಯನ್ನು ಒಂದು ಸುತ್ತು ಬಂದರು. ಬಂದ ದಾರಿಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದರು. "ಇಲ್ಲಿ ಮೆತ್ತೌರೆ. ಇಲ್ಲೂ ಮೆತ್ತೌರೆ." ತುಕ್ಕು ತಿಂದ ಕಡೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದು ನನಗೆ ಗೊತ್ತಿದ್ದದ್ದು ಮೂರು ಜಾಗ. ಅವರು ಐದು ಹುಡುಕಿದರು. ಒಂದೊಂದು ಗುರುತಿಗೂ ನನ್ನ ರೇಟು ಇಳಿಯಿತು. ಆಮೇಲೆ ಇದೇ ವಿದ್ಯೆಯನ್ನು ನಾನು ಕದ್ದು ಎಷ್ಟೋ ಗಾಡಿ ಕೊಂಡಿದ್ದೇನೆ. ಹಳೇ ಕಾರು ಕೊಳ್ಳುವವರಿಗೆ ಈಗಲೂ ಹೇಳುತ್ತೇನೆ, ಕಣ್ಣಿಂದ ನೋಡಬೇಡಿ, ಬಡಿದು ನೋಡಿ ಅಂತ.

ಚೌಕಾಸಿ ಮಾಡುವಾಗ ಅವರು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದರು. ನಾನು ಮಾತು ನಿಲ್ಲಿಸಿದ ಮೇಲೂ ಒಂದು ಕ್ಷಣ ನೋಡುತ್ತಿದ್ದರು. ನನ್ನ ಮಾತನ್ನು ಇಷ್ಟು ಗಮನ ಕೊಟ್ಟು ಕೇಳಿದವರು ಇನ್ನೊಬ್ಬರಿಲ್ಲ ಅಂತ ನನಗೆ ಖುಷಿಯಾಗಿ, ಉಪದೇಶವನ್ನೂ ಸೇರಿಸಿದೆ. ದಿನಾ ಓಡಿಸುವ ಹಳೇ ಗಾಡಿಗೆ ಮೊದಲು ಬ್ರೇಕು, ಆಮೇಲೆ ವೈರಿಂಗು, ಆಮೇಲೆ ನೀರು ಸೋರದ ರೇಡಿಯೇಟರು. ಬಣ್ಣ ಕೊನೆಗೆ. ಹತ್ತರಲ್ಲಿ ಎಂಟು ಜನ ಬಣ್ಣದಿಂದ ಶುರು ಮಾಡಿ ಬ್ರೇಕಿಗೆ ಬರುವಷ್ಟರಲ್ಲಿ ಬೇಸತ್ತು ಗಾಡಿ ಮಾರುತ್ತಾರೆ, ಮತ್ತೆ ನನಗೇ ಮಾರುತ್ತಾರೆ. ಅವರು ಅದನ್ನು ಅಕ್ಷರ ಬಿಡದೆ ಪಾಲಿಸಿದರು.

ನೊಣವಿನಕೆರೆ ಹತ್ತಿರದ ಅವರ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ ಕಾರು ನಿಂತಿತು. ಎರಡು ವರ್ಷ ಅವರು ಅದರ ಕೆಳಗೇ ಮಲಗಿದ್ದರು ಅನ್ನಬಹುದು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು, ಹಳೇ ಡೈನಮೊ ಹೋಗಿ ಆಲ್ಟರ್ನೇಟರ್ ಬಂತು. ಸೀಟಿಗೆ ತಮ್ಮದೇ ತೋಟದ ನಾರು ತುಂಬಿದರು. ಒಂದೇ ಒಂದು ಕಡೆ ನಮ್ಮ ಕಡೆಯವರ ಬುದ್ಧಿ ತೋರಿಸಿಬಿಟ್ಟರು: ಬಾಗಿಲ ರಬ್ಬರು, ವೈರು ಎಲ್ಲ ಒಣಗಿ ಬಿರಿಯಬಾರದು ಅಂತ ಮನೆಯ ಗಾಣದ ಕೊಬ್ಬರಿ ಎಣ್ಣೆ ಸವರಿದರು. ಅಟ್ಟದ ಮೇಲಿನ ಇಲಿಗಳಿಗೆ ಮನೆಬಾಗಿಲಿಗೇ ಊಟ ಬಂದಂತಾಯಿತು. ಒಂದು ವಾರದಲ್ಲಿ ಇಡೀ ವೈರಿಂಗ್ ತಿಂದು ಮುಗಿಸಿದ್ದವು.

ಹೆಂಡತಿ ಗೌರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೋಕೇಶಪ್ಪ, ನಮ್ಮನೆ ಒಗ್ಗರಣೆಗೆ ಎರಡು ಹನಿ ಹಾಕೋಕೆ ಹಿಂದೆ ಮುಂದೆ ನೋಡ್ತಿದ್ರು. ಕಾರಿಗೆ ಮಾತ್ರ ಅಭ್ಯಂಜನ."

ಮರುಳಪ್ಪ ಹೆಂಡತಿಯ ಮುಖ ನೋಡಿ ತಾವೂ ನಕ್ಕರು. ಮತ್ತೆ ಮೊದಲಿನಿಂದ ವೈರು ಎಳೆದರು.

ಕೆಲವು ಮಾರ್ಪಾಡುಗಳು ಮಾತ್ರ ನನಗೆ ಅರ್ಥವಾಗಲಿಲ್ಲ. ಸ್ಟೀರಿಂಗ್ ಪಕ್ಕ ಇದ್ದ ಗೇರನ್ನು ಕಷ್ಟಪಟ್ಟು ನೆಲಕ್ಕೆ ತಂದು, ಸಲಾಕೆಯ ತುದಿಗೆ ಕರಟ ಉಜ್ಜಿ ಮಾಡಿದ ಗುಂಡಿ ಕೂರಿಸಿದ್ದರು. ಎರಡೂ ಕಡೆ ಲಾರಿಯ ಕನ್ನಡಿ. ಹಾರ್ನ್ ಒತ್ತಿದರೆ ಎದುರಿಗೆ ಒಂದು ಕೆಂಪು ಬಲ್ಬು ಹತ್ತುತ್ತಿತ್ತು.

"ಇದ್ಯಾಕಣ್ಣ, ಹಾರ್ನ್ ಹೊಡೆದಿದ್ದು ಕೇಳಲ್ವಾ?" ಅಂದೆ.

"ನೋಡೋಕೆ ಚೆನ್ನಾಗೈತೆ, ಇರ್ಲಿ ಬುಡು," ಅಂದರು.

ನೆಲಕ್ಕೆ ಮ್ಯಾಟ್ ಇಲ್ಲ ಅಂದೆನಲ್ಲ, ಬರೀ ತಗಡು. ಬೇಸಿಗೆಯಲ್ಲಿ ಕಾಲು ಸುಡುತ್ತದೆ, ಸದ್ದು ಜಾಸ್ತಿ ಬರುತ್ತದೆ ಅಂತ ಮತ್ತೆ ಉಪದೇಶ ಮಾಡಿದೆ. "ಸದ್ದು ಬರ್ಲಿ ಅಂತ್ಲೇ ಕಣಪ್ಪ ಬುಟ್ಟಿರೋದು," ಅಂದರು. ಅವರು ಸುಳ್ಳೇನೂ ಹೇಳಿರಲಿಲ್ಲ.

ಗಾಡಿಯ ದಾಖಲೆ ನವೀಕರಿಸಲು ತಪಾಸಣೆಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ಇನ್‌ಸ್ಪೆಕ್ಟರು ಕಾರಿನ ಹಿಂದೆ ನಿಂತು "ಹಾರ್ನ್ ಹೊಡೀರಿ" ಅಂದರು. ಮರುಳಪ್ಪ ನೆಟ್ಟಗೆ ಮುಂದೆ ನೋಡುತ್ತಾ ಕೂತಿದ್ದರು. ಇನ್‌ಸ್ಪೆಕ್ಟರು ಇನ್ನೊಂದು ಸಲ ಕೂಗಿದರು. ಪಕ್ಕದ ಸೀಟಿನಲ್ಲಿದ್ದ ಗೌರಮ್ಮ ಗಂಡನ ತೊಡೆಯನ್ನು ಎರಡು ಸಲ ತಟ್ಟಿದರು. ಹಾರ್ನ್ ಬಂತು. "ಯಜಮಾನ್ರು ಗಾಡಿ ಬಂದ ಮೇಲೆ ಯಾರ ಮಾತೂ ಕೇಳಲ್ಲ ಸ್ವಾಮಿ," ಅಂದರು ಗೌರಮ್ಮ. ಇನ್‌ಸ್ಪೆಕ್ಟರು ನಗುತ್ತಾ ಸಹಿ ಹಾಕಿದರು. ನಾನೂ ನಕ್ಕೆ.

ಅಲ್ಲಿಂದ ಮುಂದೆ ನಾಲ್ಕು ವರ್ಷ, ದಿನಾ ಬೆಳಿಗ್ಗೆ, ಗಂಡ ಹೆಂಡತಿ ಆ ಕಾರಿನಲ್ಲಿ ತಿಪಟೂರಿಗೆ ಬಂದರು. ಮಂಡಿಯ ಮುಂದೆ ನಿಧಾನ ಮಾಡಿ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು, ಸಂತೆ ಸಾಮಾನು ತಗೊಂಡು ಹೋಗುವುದು. ಎಂಜಿನ್ ಸದ್ದು ಎಷ್ಟು ಸಮವಾಗಿತ್ತೆಂದರೆ ಮಂಡಿಯವರೇ "ಕಿವಿ ಅಂದ್ರೆ ಮರುಳಪ್ಪಂದು ಕಣ್ರೀ" ಅನ್ನತೊಡಗಿದರು. ಇಬ್ಬರು ಮೂವರು ಮತ್ತೆ ಅಟ್ಟ ನೋಡಲು ಕರೆದರು. ಮರುಳಪ್ಪ ಹೋಗಲಿಲ್ಲ. "ವಯಸ್ಸಾಯ್ತು, ಏಣಿ ಹತ್ತೋಕಾಗಲ್ಲ" ಅಂದರಂತೆ. ಮರ್ಯಾದೆ ವಾಪಸ್ ಬಂತು, ಅಷ್ಟು ಸಾಕು ಅಂತ ಇರಬೇಕು ಅಂದುಕೊಂಡೆ.

ಅವರು ತೀರಿಕೊಂಡು ಈಗ ಎರಡು ವರ್ಷ. ಇದನ್ನೆಲ್ಲ ಬರೆಯಲಾ ಅಂತ ಗೌರಮ್ಮನವರನ್ನು ಕೇಳಿದೆ. "ಬರಿ. ಈಗ ಯಾರ ಹತ್ರ ಮುಚ್ಚಿಡಬೇಕಾಗೈತೆ?" ಅಂದರು. ಅದಕ್ಕೆ ಕೊನೆಯ ಸಲ ಮರುಳಪ್ಪನವರ ಜೊತೆ ಕಾರಿನಲ್ಲಿ ಕೂತದ್ದನ್ನೂ ಹೇಳುತ್ತೇನೆ.

ಗೌರಮ್ಮ ಮಂಡಿನೋವಿನ ಚಿಕಿತ್ಸೆಗೆ ತಂಗಿಯ ಮನೆಗೆ ಹೋಗಿದ್ದರು. ಮರುಳಪ್ಪ ಒಬ್ಬರೇ ಬರುತ್ತಿದ್ದರು. ನಾಲ್ಕನೇ ದಿನ ಮಂಡಿಯಿಂದ ಒಬ್ಬರು ನನ್ನ ಅಂಗಡಿಗೆ ಬಂದು, "ಏನ್ರೀ, ನಿಮ್ಮ ಮರುಳಪ್ಪನ ಕಾರು ಹಂದಿ ಕುಯ್ದಂಗೆ ಕಿರುಚ್ತದೆ, ಅವರು ನೋಡಿದ್ರೆ ರಾಜನ ಥರ ಕೂತವ್ರೆ," ಅಂದು ನಕ್ಕರು. ನಾನು ಹೋಟೆಲಿಗೆ ಹೋಗಿ, ಏನೋ ನೆಪ ಹೇಳಿ, "ಒಂದು ರೌಂಡ್ ಹೋಗಣ ನಡೀರಿ ಅಣ್ಣ" ಅಂದೆ.

ಸ್ಟಾರ್ಟ್ ಮಾಡಿದ ತಕ್ಷಣ ಫ್ಯಾನ್ ಬೆಲ್ಟು ಕೀರಲು ದನಿಯಲ್ಲಿ ಕಿರುಚಿತು. ಸಡಿಲ ಆಗಿ ಜಾರುತ್ತಿತ್ತು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು, ಮರುಳಪ್ಪ ಅವರಿಗೆಲ್ಲ ಕೈ ಎತ್ತಿ ನಮಸ್ಕಾರ ಮಾಡಿದರು. ಬರಿಗಾಲು ತಗಡಿನ ಮೇಲೆ, ಎಡಗೈ ಕರಟದ ಗುಂಡಿಯ ಮೇಲೆ.

"ಹೆಂಗೈತೆ ಸದ್ದು?" ಅಂದು ನನ್ನ ಬಾಯಿ ನೋಡಿದರು.

ಆಗ ನನಗೆ ಗೊತ್ತಾಯಿತು. ಎಂಜಿನ್ನಿನ ನಡುಕ ಕಾಲಿಗೆ ಬರುತ್ತದೆ, ಗೇರಿನ ನಡುಕ ಕೈಗೆ ಬರುತ್ತದೆ. ಬೆಲ್ಟಿನ ಕೀರಲು ಎಲ್ಲಿಗೂ ಬರುವುದಿಲ್ಲ, ಅದಕ್ಕೆ ಕಿವಿಯೇ ಬೇಕು. ಕೊಬ್ಬರಿಯೂ ಹಾಗೇ. ಒಳಗೆ ಗುಂಡು ಬಿಟ್ಟಿರುವುದು ಕೈಗೆ ತಿಳಿಯುತ್ತದೆ, ಉಳಿದ ಒಂದು ಗುಟುಕು ನೀರು ತಿಳಿಯುವುದಿಲ್ಲ. ಹಂದನಕೆರೆಯ ಅಟ್ಟ ಹತ್ತುವ ಹೊತ್ತಿಗೇ ಅವರ ಕಿವಿ ಹೋಗಿತ್ತು. ಆ ಕಾರನ್ನು ಅವರು ಕಟ್ಟಿದ್ದು ಕಿವಿ ಇಲ್ಲದೆ ಓಡಿಸುವುದಕ್ಕೇ. ಕಿವಿ ಕೇಳದವರೂ ಲೈಸೆನ್ಸ್ ತೆಗೆದುಕೊಂಡು ಓಡಿಸಬಹುದು ಅಂತ ನಾನು ಆಮೇಲೆ ವಿಚಾರಿಸಿ ತಿಳಿದೆ. ಹೇಳಿದ್ದರೆ ಅರ್ಜಿ ನಾನೇ ತುಂಬಿಸುತ್ತಿದ್ದೆ. ಆದರೆ ಅರ್ಜಿ ಅಂದರೆ ಊರಿಗೆಲ್ಲ ತಿಳಿಯುತ್ತದೆ.

"ಚೆನ್ನಾಗೈತಣ್ಣ," ಅಂದೆ. ಊರಾಚೆ ಎಳನೀರಿನ ಗಾಡಿ ಕಂಡಿತು, ನಿಲ್ಲಿಸಿ ಅಂದೆ. ಅವರು ಎಳನೀರು ಆರಿಸಲು ಇಳಿದರು. ಅದನ್ನು ಅವರು ಯಾರಿಗೂ ಬಿಡುವವರಲ್ಲ. ನಾನು ಡಿಕ್ಕಿಯಿಂದ ಸ್ಪಾನರ್ ತೆಗೆದು, ಬಾನೆಟ್ ಎತ್ತಿ, ಆಲ್ಟರ್ನೇಟರ್ ಬೋಲ್ಟ್ ಸಡಿಲಿಸಿ, ಬೆಲ್ಟ್ ಎಳೆದು ಬಿಗಿ ಮಾಡಿದೆ. ಮುಚ್ಚುವಷ್ಟರಲ್ಲಿ ಅವರು ಎರಡು ಎಳನೀರು ಹಿಡಿದು ನಿಂತಿದ್ದರು. ಒಂದನ್ನು ನನ್ನ ಕೈಗೆ ಕೊಟ್ಟು, ಅಂಗೈಯನ್ನು ಬಾನೆಟ್ ಮೇಲೆ ಇಟ್ಟರು.

"ಕೂಗ್ತಿತ್ತಾ?"

ನಾನು ಹೌದು ಅಂತ ತಲೆ ಆಡಿಸಿದೆ.

"ಮಂಡಿ ಮುಂದೂ ಕೂಗ್ತಾ?"

"ಇಲ್ಲಣ್ಣ. ಊರು ದಾಟಿದ ಮೇಲೆ ಶುರುವಾಗಿದ್ದು."

ಅವರು ಎಳನೀರು ಕುಡಿದು ಮುಗಿಸಿ ಬುರುಡೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಅಂದರು:

"ಸುಳ್ಳು ಹೇಳುವಾಗ ನಿಂಗೆ ಎಡಗಡೆ ತುಟಿ ಸೊಟ್ಟ ಆಯ್ತದೆ ಕಣ್ಲಾ. ಈ ಗಾಡಿ ಮಾರಿದ ದಿನವೇ ನೋಡಿದ್ದೆ. ಮೆತ್ತಿರೋದು ಜಾಸ್ತಿ ಅಂತ ಗೊತ್ತಿದ್ರೂ ಒಂದೇ ಜಾಗ ಅಂದೆ."

ಅವರು ಚಪ್ಪಲಿ ಬಿಟ್ಟು, ಅಂಗಾಲು ಒರೆಸಿಕೊಂಡು ಒಳಗೆ ಕೂತರು. ನಾನು ಬೈಪಾಸ್ ಕಡೆ ಕೈ ತೋರಿಸಿದೆ.

"ಬ್ಯಾಡ. ಮಂಡಿ ಮುಂದೇ ಹೋಗನ," ಅಂದರು. "ಕೂಗಿದ್ರೆ ತೊಡೆ ತಟ್ಟು."

ಮಂಡಿಯ ಮುಂದೆ ಎಂದಿನಂತೆ ನಿಧಾನ ಮಾಡಿದರು. ಮೂಟೆ ಹೊರುತ್ತಿದ್ದವರು ನಿಂತು ನೋಡಿದರು. ನನ್ನ ಕೈ ಅವರ ತೊಡೆಯ ಮೇಲೆ ಒಂದು ಗೇಣು ಎತ್ತರದಲ್ಲಿತ್ತು, ನಾನು ಉಸಿರು ಹಿಡಿದು ಕೇಳುತ್ತಿದ್ದೆ. ಮಂಡಿಯ ಗೇಟು ದಾಟುವವರೆಗೂ ತಟ್ಟಬೇಕಾಗಿ ಬರಲಿಲ್ಲ.