ಮೊಳೆ ಹೊಡೆಯಬಾರದ ಗೋಡೆ

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾವು ಆ ಮನೆಯ ತಾರಸಿಯ ಮೇಲೆ ನಿಂತೇ ಎಣಿಸುತ್ತಿದ್ದೆವು.

ನಮ್ಮದು ಆಫೀಸು ಮುಗಿಸಿ ಬಂದು ನಾಟಕ ಆಡುವವರ ತಂಡ. ತಾಲೀಮಿಗೆ ಎಲ್ಲೂ ಜಾಗ ಸಿಗದೆ ಒದ್ದಾಡುತ್ತಿದ್ದಾಗ, ಬೆಂಗಳೂರಿನ ಜರಗನಹಳ್ಳಿಯಲ್ಲಿರುವ ನಮ್ಮ ಬಾಡಿಗೆ ಮನೆಯ ಓನರ್ ಆಂಟಿ, "ಮೇಲೆ ತಾರಸಿ ಖಾಲಿ ಬಿದ್ದಿದೆ, ಅಲ್ಲೇ ಕುಣ್ಕೊಳ್ರಪ್ಪ" ಅಂದರು. ನಾವು ಆಡಲು ಹೊರಟಿದ್ದ ನಾಟಕವಾದರೂ ಯಾವುದು? ಬಾಡಿಗೆಗೆ ಬಂದವರ ಜಾತಿ ಕೆದಕುವ ಮನೆ ಓನರುಗಳನ್ನು ಗೇಲಿ ಮಾಡುವ ನಾಟಕ! ಅದರಲ್ಲಿ ಓನರಮ್ಮನ ಪಾತ್ರ ಬಿ.ಟಿ.ಎಂ. ಲೇಔಟಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ಗೆಳತಿಯದು. ಬಾಡಿಗೆಯವನ ಪಾತ್ರ ನನ್ನದು.

ನಿಜ ಜೀವನದಲ್ಲೂ ನನ್ನದು ಅದೇ ಪಾತ್ರ. ಈ ಮನೆ ಸಿಗುವ ಮುಂಚೆ ನಾನೂ ನನ್ನ ಹೆಂಡತಿಯೂ ಬನಶಂಕರಿ, ಯಡಿಯೂರು, ತಿಲಕ್ ನಗರ ಎಲ್ಲ ಸುತ್ತಿದ್ದೆವು. ಜಾತಿ ಕೇಳಿದವರಿಗೆಲ್ಲ ನಿಜವನ್ನೇ ಹೇಳಿದ್ದೆವು. ನಿಜ ಕೇಳಿದ ಮೇಲೆ ಒಬ್ಬರ ಮನೆಗೆ ತಂಗಿ ಬಂದುಬಿಡುತ್ತಿದ್ದಳು, ಇನ್ನೊಬ್ಬರ ಮನೆಗೆ ಇದ್ದಕ್ಕಿದ್ದಂತೆ ಪೇಂಟಿಂಗ್ ಕೆಲಸ ಬರುತ್ತಿತ್ತು. ಸುತ್ತಿ ಸುತ್ತಿ ಸಾಕಾಗಿ, ಜರಗನಹಳ್ಳಿಯ ಆಂಟಿ "ಮನೆದೇವ್ರು ಯಾವ್ದಪ್ಪ?" ಎಂದು ಕೇಳಿದಾಗ, "ತಿರುಪತಿ ತಿಮ್ಮಪ್ಪ" ಅಂದುಬಿಟ್ಟೆ. ತಿಮ್ಮಪ್ಪನನ್ನು ಬೇಡ ಅನ್ನುವ ಓನರು ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಬೀಗದ ಕೈ ಸಿಕ್ಕಿತು. ಜೊತೆಗೆ ಒಂದೇ ಒಂದು ಕಟ್ಟುಪಾಡು: ಗೋಡೆಗೆ ಮೊಳೆ ಹೊಡೆಯಬಾರದು.

ಅದರಿಂದ ನಮಗೂ ಅನುಕೂಲವೇ ಆಯಿತು. ನನ್ನ ಅಪ್ಪನ ಮನೆಯಲ್ಲಿ ಹಾಲ್‌ನ ನಡುಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟು ತೊಟ್ಟ ನಮ್ಮ ಬಾಬಾಸಾಹೇಬರ ಪಟ. ಇಲ್ಲಿ ಅಂಥವೇ ಎರಡು ಪಟ ಒಳಕೋಣೆಯ ಟ್ರಂಕಿನ ಮೇಲೆ ಗೋಡೆಗೆ ಒರಗಿ ಕೂತಿದ್ದವು. ಆಂಟಿ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಹೆಂಡತಿ ಅವುಗಳ ಮೇಲೆ ಒಂದು ಟವೆಲ್ ಎಳೆಯುತ್ತಿದ್ದಳು. "ತಾತನ ಮನೇಲಿ ಹಾಲ್‌ನಲ್ಲಿದೆ, ನಮ್ಮನೇಲಿ ಯಾಕೆ ರೂಮಲ್ಲಿದೆ?" ಎಂದು ಮಗಳು ಕೇಳಿದಾಗ, ಮೊಳೆ ಹೊಡೆಯಬಾರದಂತೆ ಕಣೇ ಅಂದಿದ್ದೆ.

ಆದರೆ ಆಂಟಿಯನ್ನು ಕಂಡರೆ ನನಗೆ ಪ್ರೀತಿ. ಸ್ಕೂಲ್ ವ್ಯಾನ್ ಇಳಿದ ಮಗಳು ನಾವು ಬರುವವರೆಗೆ ಅವರ ಮನೆಯಲ್ಲೇ ಇರುತ್ತಿದ್ದಳು. ಅವರ ತೊಡೆಯ ಮೇಲೆ ಕೂತು ಅಕ್ಕಿರೊಟ್ಟಿ ತಿಂದು, ಅಜ್ಜಿ ಅಜ್ಜಿ ಅಂತ ಜೀವ ಬಿಡುತ್ತಿದ್ದಳು. ನಿಜ ಹೊರಗೆ ಬಿದ್ದರೆ ಹೋಗುವುದು ಮನೆಯೊಂದೇ ಅಲ್ಲ, ಆ ತೊಡೆಯೂ ಹೋಗುತ್ತದೆ ಎಂಬ ಭಯ ನನ್ನದು.

ತಾಲೀಮು ಶುರುವಾದಾಗ ಅವರೆಕಾಯಿ ಕಾಲ. ಆಂಟಿ ಸಂಜೆ ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದು ಮೇಲೆ ಬಂದು, ಕಾಳು ಹಿದುಕುತ್ತಾ ನಮ್ಮ ನಾಟಕ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು! ಇವರು ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾಟಕ ಸಮಾಜದ ಕನ್ನಡಿ ಎಂದು ನಮ್ಮ ನಿರ್ದೇಶಕ ದಿನಕ್ಕೊಮ್ಮೆ ಹೇಳುತ್ತಿದ್ದ. ಕನ್ನಡಿಯಲ್ಲಿ ಎಲ್ಲರೂ ಪಕ್ಕದ ಮನೆಯವರ ಮುಖವನ್ನೇ ಹುಡುಕುತ್ತಾರೆ ಎಂದು ಮಾತ್ರ ಅವನು ಹೇಳಿರಲಿಲ್ಲ.

ಗೆಳತಿ ಸೊಂಟದ ಮೇಲೆ ಕೈಯಿಟ್ಟು "ನಿಮ್ದು ಯಾವ ಜಾತಿ?" ಎಂದು ಗದರಿದಾಗ ಆಂಟಿಗೆ ತಡೆಯಲಾಗಲಿಲ್ಲ.

"ಹಂಗೆಲ್ಲ ಮುಖಕ್ಕೆ ಹೊಡ್ದಂಗೆ ಯಾರಮ್ಮ ಕೇಳ್ತಾರೆ? ಮೊದ್ಲು ಕೂರ್ಸು. ನೀರು ಕೊಡು. ಮನೇಲಿ ಎಷ್ಟು ಜನ, ಅಡಿಗೆ ಏನೇನ್ ಮಾಡ್ತೀರ ಅಂತ ಕೇಳು. ಮಾತಿನ ಮಧ್ಯೆ ನಿಧಾನಕ್ಕೆ, ಮನೆದೇವ್ರು ಯಾವ್ದಪ್ಪ ಅನ್ನು. ಅಲ್ಲಿಗೆ ಎಲ್ಲ ಗೊತ್ತಾಗೋಯ್ತು."

ನಿರ್ದೇಶಕ ಹಿಗ್ಗಿಹೋದ. ಆ ದೃಶ್ಯ ಪೂರ್ತಿ ಆಂಟಿ ಹೇಳಿಕೊಟ್ಟಂತೆ ಬದಲಾಯಿತು. ಬಾಡಿಗೆಯವನು "ತಿಮ್ಮಪ್ಪ" ಅನ್ನುವ ಉತ್ತರವನ್ನು ನಾನು ಸೇರಿಸಿದೆ.

ಒಂದು ಸಂಜೆ ಗೆಳತಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಳು. ಬಾರದವರ ಮಾತನ್ನು ಅಲ್ಲಿದ್ದವರು ಯಾರಾದರೂ ಹೇಳಿ ತಾಲೀಮು ನಡೆಸುವುದು ನಮ್ಮಲ್ಲಿ ರೂಢಿ. "ಆಂಟಿ, ನೀವೇ ಹೇಳ್ಬಿಡಿ, ನಿಮ್ಗೆ ಬಾಯಿಪಾಠ ಆಗಿದ್ಯಲ್ಲ" ಎಂದ ನಿರ್ದೇಶಕ. ಆಂಟಿ ನಾಚಿಕೊಂಡರು, ಆದರೆ ಒಪ್ಪಿದರು. ಕೂತಲ್ಲಿಂದಲೇ ಶುರು ಮಾಡಿದರು. ಬಾಪ್ಪ, ಕೂತ್ಕೊ. ನೀರು ಕುಡಿ. ಎಷ್ಟು ಜನ ಇರ್ತೀರ? ಕೈ ಕಾಳು ಹಿದುಕುತ್ತಲೇ ಇತ್ತು. ಆಮೇಲೆ ತಲೆಯೆತ್ತಿ, ನಾವು ಮನೆ ಕೇಳಲು ಬಂದ ದಿನದ ಅದೇ ದನಿಯಲ್ಲಿ, ಅಂದಿನಷ್ಟೇ ಅಕ್ಕರೆಯಿಂದ ಕೇಳಿದರು. "ಮನೆದೇವ್ರು ಯಾವ್ದಪ್ಪ?"

ನನಗೆ ನಾಟಕ ಮರೆತುಹೋಯಿತು. ಬಾಯಿಗೆ ತಿಮ್ಮಪ್ಪ ಬರಲೇ ಇಲ್ಲ.

"ನಮ್ಮನೇಲಿ ಬುದ್ಧನ ಪಟ ಇದೆ ಆಂಟಿ. ಪಕ್ಕದಲ್ಲಿ ಬಾಬಾಸಾಹೇಬರ ಪಟ. ಅಷ್ಟೇ."

ಆಂಟಿಯ ಬೆರಳು ನಿಂತಿತು. "ಇದು ನಾಟಕದಲ್ಲಿ ಇಲ್ವಲ್ಲ?" ಅಂದರು.

"ಇಲ್ಲ ಆಂಟಿ."

ಅವರು ಪಾತ್ರೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಆಮೇಲೆ ತಾಲೀಮಿಗೆ ಬರಲಿಲ್ಲ. ನನ್ನನ್ನು ಕಂಡರೆ ನೀರಿನ ಮೋಟರು, ಕಸದ ಗಾಡಿ ಅಂತ ಎರಡು ಮಾತಾಡಿ ಒಳಗೆ ಹೋಗುತ್ತಿದ್ದರು. ಹೆಂಡತಿ ನನ್ನನ್ನು ಬೈಯಲಿಲ್ಲ. ಸುಮ್ಮನೆ ಬಟ್ಟೆ ಜೋಡಿಸಿ ರಟ್ಟಿನ ಡಬ್ಬಿಗಳಿಗೆ ತುಂಬತೊಡಗಿದಳು. ಮಗಳು ಮಾತ್ರ ಎಂದಿನಂತೆ ಸಂಜೆ ಅವರ ಮನೆಯಲ್ಲೇ ಇರುತ್ತಿದ್ದಳು. "ಅಜ್ಜಿ ರೊಟ್ಟಿ ಕೊಟ್ರಾ?" ಎಂದು ನಾನು ದಿನಾ ಕೇಳುತ್ತಿದ್ದೆ. ಕೊಟ್ಟಿರುತ್ತಿದ್ದರು.

ನಿರ್ದೇಶಕ ನನ್ನ ಉತ್ತರವನ್ನೇ ನಾಟಕದಲ್ಲಿ ಉಳಿಸಿಕೊಂಡ. ಜೆ.ಪಿ. ನಗರದ ಪುಟ್ಟ ರಂಗಮಂದಿರದಲ್ಲಿ ಪ್ರದರ್ಶನ. ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದ ಆಂಟಿ ರೇಷ್ಮೆ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತರು. ಅವರು ಹೇಳಿಕೊಟ್ಟ ಒಂದೊಂದು ಮಾತಿಗೂ ಜನ ಬಿದ್ದು ಬಿದ್ದು ನಕ್ಕರು. ನನ್ನ ಉತ್ತರ ಬಂದಾಗ ನಗು ನಿಂತಿತು. ಕೊನೆಯಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ತಟ್ಟಿದವರಲ್ಲಿ ಮನೆ ಓನರುಗಳು ಎಷ್ಟಿದ್ದರೋ! ಆಂಟಿ ಏಳಲಿಲ್ಲ, ತಟ್ಟಲೂ ಇಲ್ಲ. ನಮ್ಮ ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಮರುದಿನ ಭಾನುವಾರ. ಬೆಳಿಗ್ಗೆ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಹೆಂಡತಿ ಟವೆಲಿನ ಕಡೆ ನೋಡಿದಳು, ಎಳೆಯಲಿಲ್ಲ. ಆಂಟಿ ಬಂದು ಬಾಗಿಲಲ್ಲೇ ನಿಂತರು. ಒಂದು ಕೈ ಸೆರಗಿನೊಳಗಿತ್ತು. ಮನೆ ಖಾಲಿ ಮಾಡಿ ಅನ್ನುತ್ತಾರೆ ಎಂದುಕೊಂಡೆ.

"ಅವತ್ತೇ ಯಾಕಪ್ಪ ಹೇಳ್ಲಿಲ್ಲ ನನ್ಗೆ?"

"ಹೇಳಿದ್ರೆ ಮನೆ ಕೊಡ್ತಿದ್ರಾ ಆಂಟಿ?"

ಅವರು ನೆಲ ನೋಡಿದರು, ಆ ರಟ್ಟಿನ ಡಬ್ಬಿಗಳನ್ನು ನೋಡಿದರು. ಸುಳ್ಳು ಹೇಳುವುದು ಅವರಿಗೆ ಸುಲಭವಿತ್ತು, ಹೇಳಿದ್ದರೆ ನಾನೂ ಸಂತೋಷವಾಗಿ ನಂಬುತ್ತಿದ್ದೆ.

"ಇಲ್ಲ ಕಣಪ್ಪ" ಅಂದರು. "ಕೊಡ್ತಿರ್ಲಿಲ್ಲ."

ಅವರ ಕಣ್ಣು ತುಂಬಿತ್ತು. ಸೆರಗಿನೊಳಗಿನ ಕೈ ಹೊರಗೆ ಬಂತು. ಅದರಲ್ಲಿ ಒಂದು ಸುತ್ತಿಗೆ, ಎರಡು ಮೊಳೆ.

"ಹಾಲ್‌ನಲ್ಲಿ ಎಲ್ಲಿ ಹೊಡೀಬೇಕು, ತೋರ್ಸು."