ನೆಗ್ಗಿಲು ಕಷಾಯದ ಐದನೆಯ ಚೊಂಬು

ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ ನಾನು ಹೊಸದುರ್ಗ ತಾಲ್ಲೂಕಿನ ಹಿನ್ನೀರಂಚಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಆಯುರ್ವೇದ ಚಿಕಿತ್ಸಾಲಯದ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅದಕ್ಕೆ ಮೊದಲು ಮಾಡದಕೆರೆಯಲ್ಲಿ ಎಂಟು ವರ್ಷ, ಹಿರಿಯೂರು ಕಡೆ ಆರು ವರ್ಷ ಕಳೆದಿದ್ದೆ. ಹುಟ್ಟಿದ್ದು ರಾಮಗಿರಿಯಲ್ಲಿ, ಹಾಗಾಗಿ ಈ ಸೀಮೆಯ ಕುರುಚಲು ಕಾಡಿನಲ್ಲಿ ಯಾವ ಗಿಡ ಎಲ್ಲಿ ಸಿಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ಕೋಣೆ, ಒಂದು ಔಷಧದ ಬೀರು, ಅಟೆಂಡರ್ ರಂಗಸ್ವಾಮಿ, ಮತ್ತು ನಾನು. ಇಷ್ಟೇ ನಮ್ಮ ಆಸ್ಪತ್ರೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಊರಿಗೆ ಹೋದ ಮೊದಲ ತಿಂಗಳಲ್ಲೇ ಅದು ಎಲ್ಲರಿಗೂ ಗೊತ್ತಾಗಿತ್ತು. ಯಾವ ಔಷಧ ಕೊಟ್ಟರೂ ಜನ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಇದು ಹೀಟಾ, ಶೀತವಾ ಎಂದು. ಶುಂಠಿ ಹೀಟು, ಜೀರಿಗೆ ಶೀತ, ಅಲ್ಲಿಗೆ ಮುಗಿಯಿತು. ಅಯ್ಯೋ, ಐದೂವರೆ ವರ್ಷ ಓದಿದ್ದು ಇಷ್ಟಕ್ಕಾ ಅನ್ನಿಸುತ್ತಿತ್ತು. ಒಂದು ಗಿಡ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಹೆಸರಿದೆ. ದೀಪನ ಎಂದರೆ ಹಸಿವನ್ನು ಎಬ್ಬಿಸುವುದು. ಪಾಚನ ಎಂದರೆ ಅರಗದೆ ಉಳಿದದ್ದನ್ನು ಅರಗಿಸುವುದು. ಒಲೆ ಊದುವುದು ಬೇರೆ, ಅನ್ನ ಬೇಯುವುದು ಬೇರೆ, ಹಾಗೆ. ಗ್ರಾಹಿ ಎಂದರೆ ನೀರಾಗಿ ಹೋಗುವ ಮಲವನ್ನು ಒಣಗಿಸಿ ಗಟ್ಟಿ ಮಾಡುವುದು. ರೇಚನ ಎಂದರೆ ಹೊಟ್ಟೆಯನ್ನು ಇಳಿಸಿ ತೊಳೆಯುವುದು. ಮೂತ್ರಲ ಎಂದರೆ ಮೂತ್ರವನ್ನು ಹೆಚ್ಚಿಸುವುದು.

ಇವನ್ನೆಲ್ಲ ಹೊರಗಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದು ಹಟ ಹಿಡಿದೆ. ಕೆಲಸದ ಹೆಸರು, ಅದರ ಅರ್ಥ, ಅದನ್ನು ಮಾಡುವ ನಮ್ಮೂರ ಗಿಡ, ಮತ್ತು ಯಾರಿಗೆ ಯಾವಾಗ ಕೊಡಬಾರದು ಎಂದು ಪಕ್ಕಪಕ್ಕಕ್ಕೆ ನಾಲ್ಕು ಕಂಬಸಾಲು ಮಾಡಿ ಹಾಳೆಯಲ್ಲಿ ಬರೆದುಕೊಟ್ಟೆ. ಹೊಸದುರ್ಗದಿಂದ ಬಂದ ಪೇಂಟರ್ ಮೂರು ಸಾಲು ಬರೆದು ಕುಂಚ ತೊಳೆಯತೊಡಗಿದ. "ಮೇಡಂ, ಕಿಟಕಿ ಅಡ್ಡ ಬಂತು. ನಾಕನೇದಕ್ಕೆ ಜಾಗ ಇಲ್ಲ" ಎಂದ. ಅಕ್ಷರ ಚಿಕ್ಕದು ಮಾಡು ಎನ್ನಬಹುದಿತ್ತು. ಅಂಥ ಚೆಂದದ ಹಸಿರು ಅಕ್ಷರ ಅಳಿಸಲು ಮನಸ್ಸು ಬರಲಿಲ್ಲ. ಕೊಡಬಾರದ್ದನ್ನು ಬಾಯಲ್ಲೇ ಹೇಳಿದರಾಯಿತು, ನಾನು ಇಲ್ಲೇ ಇರುತ್ತೇನಲ್ಲ ಎಂದುಕೊಂಡೆ.

ಗೋಡೆ ಹೆಸರು ಮಾಡಿತು. ಬಸ್ಸಿಗೆ ಕಾಯುವವರು ನಿಂತು ಓದುತ್ತಿದ್ದರು. ಓದಲು ಬಾರದವರು ಓದಿಸಿಕೊಳ್ಳುತ್ತಿದ್ದರು. "ಡಾಕ್ಟ್ರಮ್ಮ, ನನ್ ಸೊಸಿಗೆ ದೀಪನ ಬೇಕಾ, ಪಾಚನ ಬೇಕಾ?" ಎಂದು ಹೆಂಗಸರು ಕೇಳತೊಡಗಿದಾಗ ನಾನು ಉಬ್ಬಿ ಹೋದೆ. ಜಿಲ್ಲಾ ಕಚೇರಿಯಿಂದ ಬಂದವರು ಫೋಟೋ ತೆಗೆದುಕೊಂಡು ಹೋದರು.

ಆ ವರ್ಷ ಮಳೆ ಬಿಡಲಿಲ್ಲ. ಹಿನ್ನೀರು ನಾವು ಎಂದೂ ನೋಡದಷ್ಟು ಮೇಲೆ ಬಂತು. ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಈರಣ್ಣನ ಫೋನು ಬಂತು. ನಮ್ಮ ಊರಿನಿಂದ ಮೂರು ಕಿಲೋಮೀಟರ್ ದೂರದ ಹಟ್ಟಿಯಲ್ಲಿ ಈರಣ್ಣ ಮತ್ತು ಅವನ ಅಣ್ಣ ಕಾಟಜ್ಜ ಕುರಿ ಸಾಕಿಕೊಂಡಿದ್ದರು. ಕಾಟಜ್ಜನಿಗೆ ಎಪ್ಪತ್ತರ ಆಸುಪಾಸು. ಮಂಡಿ ನೋವಿನ ಎಣ್ಣೆಗೆಂದು ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದ.

"ಡಾಕ್ಟ್ರಮ್ಮ, ಅಣ್ಣಂಗೆ ನಿನ್ನೆ ಸಂಜಿಂದ ಉಚ್ಚೆ ಕಟ್ಟೈತೆ. ನಿಮ್ ಗೋಡೆ ಔಷಧಿ ಕುಡಿಸ್ತಾನೇ ಇದೀವಿ. ಒಂದ್ ತೊಟ್ಟೂ ಇಳಿವಲ್ದು."

"ಯಾವ ಔಷಧಿ?"

"ಅದೇ, ನೆಗ್ಗಿಲು. ಮೂತ್ರಲ ಅಂತ ಬರ್ಸೀರಲ್ಲ. ಕಷಾಯ ಕಾಸಿ ಐದ್ನೇ ಚೊಂಬು ಇದು."

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನೆಗ್ಗಿಲುಮುಳ್ಳು ಒಳ್ಳೆಯ ಔಷಧ. ಮೂತ್ರ ಕಡಿಮೆಯಾಗಿದ್ದರೆ ಹೆಚ್ಚಿಸುತ್ತದೆ. ಆದರೆ ಕಾಟಜ್ಜನಿಗೆ ಮೂತ್ರ ಕಡಿಮೆಯಾಗಿರಲಿಲ್ಲ. ಈ ವಯಸ್ಸಿನ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ದಾರಿ ಮುಚ್ಚಿಕೊಳ್ಳುವುದುಂಟು. ಚೀಲ ತುಂಬಿದೆ, ಬಾಯಿ ಕಟ್ಟಿದೆ. ಆಗ ಮೂತ್ರಲ ಕೊಟ್ಟರೆ ತುಂಬಿದ ಚೀಲಕ್ಕೇ ಇನ್ನಷ್ಟು ತುಂಬಿಸಿದಂತೆ. ಒತ್ತಡ ಹಿಂದಕ್ಕೆ ಹೊರಳಿ ಕಿಡ್ನಿ ಕೆಡಬಹುದು. ಕಿಟಕಿಯ ಜಾಗದಲ್ಲಿ ಬರಬೇಕಾಗಿದ್ದ ನಾಲ್ಕನೆಯ ಸಾಲಿನಲ್ಲಿ ಇದೇ ಇತ್ತು.

"ನಿಲ್ಲಿಸ್ರಿ! ಒಂದು ಗುಟುಕೂ ಕೊಡಬೇಡ್ರಿ!" ಎಂದು ಕೂಗಿದೆ. ಆಂಬುಲೆನ್ಸಿಗೆ ಫೋನು ಮಾಡಿ, ರಂಗಸ್ವಾಮಿಯ ಬೈಕು ಹತ್ತಿ ಹೊರಟೆ. ಮೂತ್ರದ ದಾರಿಗೆ ಹಾಕುವ ಕ್ಯಾಥೆಟರ್ ನಳಿಗೆ ನಮ್ಮ ಬೀರುವಿನಲ್ಲಿ ಇರಲಿಲ್ಲ. ಇದ್ದಿದ್ದರೂ ಅದನ್ನು ಹಾಕುವ ಕೈ ನನ್ನದಾಗಿರಲಿಲ್ಲ. ಹಾಗಾದರೆ ನಾನು ಯಾಕೆ ಓಡಿದೆ? ಸುಮ್ಮನೆ ಕೂರಲು ಆಗಲಿಲ್ಲ, ಅಷ್ಟೇ.

ಹಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳದ ಮೋರಿ ಇತ್ತು. ನಾವು ದಾಟುವಾಗ ಅದರ ಮೇಲೆ ಗೇಣುದ್ದ ನೀರು ಹರಿಯುತ್ತಿತ್ತು. ಬೈಕನ್ನು ತಳ್ಳಿಕೊಂಡು ದಾಟಿದೆವು. ಅರ್ಧ ಗಂಟೆಯ ನಂತರ ಆಂಬುಲೆನ್ಸ್ ಡ್ರೈವರ್ ಆಚೆ ದಡದಿಂದ ಫೋನು ಮಾಡಿದ. ಮೋರಿ ಕಾಣುತ್ತಿಲ್ಲ, ನೀರು ಸೊಂಟದ ಮೇಲೆ ಬಂದಿದೆ, ಗಾಡಿ ಬರುವುದಿಲ್ಲ ಎಂದ. ಹಟ್ಟಿಯ ಉಳಿದ ಮೂರು ಕಡೆ ಹಿನ್ನೀರೇ ಇತ್ತು. ನಾವು ಸಿಕ್ಕಿಹಾಕಿಕೊಂಡಿದ್ದೆವು.

ಕಾಟಜ್ಜ ಕುರಿ ಕೂಡುವ ರೊಪ್ಪದ ಪಕ್ಕದ ಕೋಣೆಯಲ್ಲಿ ಕಂಬಳಿಯ ಮೇಲೆ ಮೊಣಕಾಲೂರಿ, ಗೋಡೆಗೆ ಹಣೆ ಕೊಟ್ಟು ಕೂತಿದ್ದ. ಮಲಗಲಾರ, ನಿಲ್ಲಲಾರ. ಕೈಯಿಟ್ಟು ನೋಡಿದೆ. ಮೂತ್ರಚೀಲ ಹೊಕ್ಕುಳಿನವರೆಗೆ ಕಲ್ಲಾಗಿ ಬಂದಿತ್ತು. ಅವನು ಕೂಗಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಮೂತ್ರ ತಡೆತಡೆದು ಬರುವುದು ಒಂದು ವರ್ಷದಿಂದ ಇತ್ತಂತೆ. ಹೆಣ್ಣು ಡಾಕ್ಟರ್ ಹತ್ತಿರ ಹೇಗೆ ಹೇಳುವುದೆಂದು ಬರೀ ಮಂಡಿ ನೋವು ಹೇಳಿ ಹೋಗುತ್ತಿದ್ದನಂತೆ. ನಾನೂ ಮಂಡಿ ಬಿಟ್ಟು ಮೇಲೆ ಏನನ್ನೂ ಕೇಳಿರಲಿಲ್ಲ.

ಕಾಟಜ್ಜನ ಹೆಂಡತಿ ಚಿತ್ತಮ್ಮ ಆ ಐದನೆಯ ಚೊಂಬನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. "ನೀವ್ ಬಂದ್ರಲ್ಲ, ಸಾಕು. ಕುಂತ್ಕಳ್ರಿ ತಾಯಿ" ಎಂದು ಕಂಬಳಿ ಸರಿಸಿದಳು. ನನ್ನನ್ನು ನೋಡಿದ್ದೇ ಅವಳ ಮುಖಕ್ಕೆ ಕಳೆ ಬಂದಿತ್ತು. ಅವಳ ಆ ನಂಬಿಕೆಯ ಎದುರು ಕೂರುವುದಕ್ಕಿಂತ ಅವಳು ನಾಲ್ಕು ಬೈಗುಳ ಬೈದಿದ್ದರೆ ಚೆನ್ನಾಗಿತ್ತು.

ನನಗೆ ಗೊತ್ತಿದ್ದ ಒಂದೇ ಉಪಾಯ ಅವಗಾಹ, ಅಂದರೆ ಬಿಸಿನೀರಿನಲ್ಲಿ ಸೊಂಟದವರೆಗೆ ಕೂರಿಸುವುದು. ಬಿಗಿದ ಸ್ನಾಯು ಸಡಿಲಾದರೆ ಕೆಲವೊಮ್ಮೆ ಸ್ವಲ್ಪವಾದರೂ ದಾರಿ ಬಿಡುತ್ತದೆ. ರಂಗಸ್ವಾಮಿಯೂ ಈರಣ್ಣನೂ ಸೇರಿ ಕುರಿಗೆ ನೀರಿಡುವ ದೊಡ್ಡ ಬಾನಿಯನ್ನು ತೊಳೆದು ತಂದು ಬಿಸಿನೀರು ತುಂಬಿದರು. ಕಾಟಜ್ಜನನ್ನು ಅದರಲ್ಲಿ ಕೂರಿಸಿದೆವು. ಇಪ್ಪತ್ತು ನಿಮಿಷಕ್ಕೆ ನಾಲ್ಕೈದು ತೊಟ್ಟು ಹೋಯಿತು. ಅಷ್ಟೇ. ಒಳಗೆ ಕುಡಿಸಿದ್ದ ಕಷಾಯ ಮಾತ್ರ ತನ್ನ ಕೆಲಸ ತಾನು ಮಾಡುತ್ತಲೇ ಇತ್ತು, ಚೀಲ ತುಂಬುತ್ತಲೇ ಇತ್ತು. ಅದನ್ನು ತಡೆಯಲು ನನ್ನಲ್ಲಿ ಏನೂ ಇರಲಿಲ್ಲ.

ಹೊರಗೆ ಬಂದು ನಿಂತೆ. ಯಾವ ಕಡೆ ನೋಡಿದರೂ ಕೆಂಪು ನೀರು. ಈರಣ್ಣ ಮೀನು ಹಿಡಿಯುವವರಿಗೆ ಫೋನು ಮಾಡಿ, ತೆಪ್ಪ ತರಲು ಹೇಳಿ, ನನ್ನ ಪಕ್ಕಕ್ಕೆ ಬಂದ. ತಲೆ ತಗ್ಗಿಸಿಕೊಂಡೇ ಕೇಳಿದ.

"ಡಾಕ್ಟ್ರಮ್ಮ, ಸಿಟ್ಟಾಗಬ್ಯಾಡ್ರಿ, ಒಂದ್ ಮಾತು ಕೇಳ್ತೀನಿ. ಟಗರಿಗೆ ಉಚ್ಚೆ ಕಟ್ಟಿದ್ರೆ ನಾವು ಮೊದ್ಲು ನೀರು ತಪ್ಪಿಸ್ತೀವಿ. ಬಾನಿ ಹತ್ರಾನೇ ಬಿಡಲ್ಲ. ನಮ್ಮಪ್ಪನ ಕಾಲ್ದಿಂದಾನೂ ಹಂಗೇ. ಮನುಷ್ಯಂಗೆ ಬ್ಯಾರೆನಾ?"

ನಾನು ಅವನ ಮುಖ ನೋಡಿದೆ. "ಮತ್ತೆ ಅಣ್ಣನಿಗೆ ಯಾಕೆ ಕುಡಿಸಿದ್ರಿ ಈರಣ್ಣ?"

"ಅತ್ತಿಗೆ ಕೇಳಿದ್ಲು, ನೀರು ತಪ್ಪಿಸಾಣಾ ಅಂತ. ನಾನೇ ಬ್ಯಾಡ ಅಂದೆ. ನಾವು ಕುರಿ ಕಾಯೋರು, ನಮ್ಗೇನ್ ತಿಳಿತೈತೆ? ಓದಿದೋರು ಗೋಡೆ ಮ್ಯಾಲೆ ಬರ್ಸವ್ರೆ, ಅದೇ ಮಾಡಾಣ ಅಂದೆ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಈ ಮನೆಯಲ್ಲಿ ಸರಿಯಾದದ್ದು ಮೊದಲೇ ಇತ್ತು. ನನ್ನ ಹಸಿರು ಅಕ್ಷರಗಳು ಬಂದು ಅದನ್ನು ಹೊರಗೆ ಹಾಕಿದ್ದವು. "ಬೇರೆ ಅಲ್ಲ ಈರಣ್ಣ. ಮನುಷ್ಯನಿಗೂ ಅದೇ. ನೀವು ತಿಳಿದಿದ್ದೇ ಸರಿ" ಎಂದೆ. ಅವನು ತಲೆಯ ಟವೆಲು ತೆಗೆದು ಮುಖ ಒರೆಸಿಕೊಂಡ.

ತೆಪ್ಪ ಬರುವ ಹೊತ್ತಿಗೆ ಮಧ್ಯಾಹ್ನ ಒಂದೂವರೆ ಆಗಿತ್ತು. ದೊಡ್ಡ ಬುಟ್ಟಿಯಂಥ ಆ ತೆಪ್ಪದಲ್ಲಿ ಹುಟ್ಟು ಹಾಕುವವನಲ್ಲದೆ ಮೂವರಿಗಷ್ಟೇ ಜಾಗವಿತ್ತು. ಕಾಟಜ್ಜ, ಚಿತ್ತಮ್ಮ, ನಾನು ಹತ್ತಿದೆವು. ಈರಣ್ಣ, ರಂಗಸ್ವಾಮಿ ದಡದಲ್ಲೇ ಉಳಿದರು. ಸೆಳವಿಗೆ ತೆಪ್ಪ ಗರಗರ ತಿರುಗುತ್ತಿತ್ತು. ಮೇಲೆ ಮಳೆ, ಸುತ್ತ ನೀರು, ಮುದುಕನ ಒಳಗೂ ನೀರು. ಕಾಟಜ್ಜ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. "ನನ್ ಹೊಟ್ಟೆ ಒಡೀತೈತೇನಮ್ಮ?" ಎಂದು ಒಂದೇ ಸಲ ಕೇಳಿದ. ಒಡೆಯುವುದಿಲ್ಲ ಅಜ್ಜ ಎಂದೆ. ಹಾಗೆ ಹೇಳುವಾಗ ನನಗೇ ಖಾತ್ರಿ ಇರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚಿನ ನೌಕರಿಯಲ್ಲಿ ನಾನು ಅಷ್ಟು ನಿರುಪಯೋಗಿಯಾಗಿ ಕೂತದ್ದು ಅದೊಂದೇ ಸಲ. ಎದ್ದು ಹೋಗುವ ಹಾಗಿಲ್ಲ, ಮಾಡಲು ಕೆಲಸವಿಲ್ಲ, ನೋಡದೆ ಇರುವ ಹಾಗೂ ಇಲ್ಲ.

ಆಚೆ ದಡದಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಹೊಸದುರ್ಗದ ಆಸ್ಪತ್ರೆಯಲ್ಲಿ ಸರ್ಜನ್ ಒಬ್ಬರು, ನನ್ನ ಮಗನ ವಯಸ್ಸಿನವರು, ನಳಿಗೆ ಹಾಕಿದರು. ಮೂತ್ರ ನಳಿಗೆಯಿಂದ ಪ್ಲಾಸ್ಟಿಕ್ ಚೀಲಕ್ಕೆ ಇಳಿಯುವ ಸದ್ದು ಕೇಳಿದಾಗ ನಾನು ಗೋಡೆಗೆ ಒರಗಿಕೊಂಡೆ. ಒಂದೂಕಾಲು ಲೀಟರ್ ದಾಟಿತು. ಕಾಟಜ್ಜ ಕಣ್ಣು ಮುಚ್ಚಿ, ದೊಡ್ಡ ಉಸಿರು ಬಿಟ್ಟು, ಹಾಗೆಯೇ ನಿದ್ದೆ ಹೋದ.

ಸರ್ಜನ್ ಕೈ ತೊಳೆಯುತ್ತ ಗದರಿದರು. "ಇಷ್ಟು ಕುಡಿಸಿದ್ದು ಯಾರು? ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಕಿಡ್ನಿ ಕೈಬಿಡುತ್ತಿತ್ತು."

ನಾನು ಬಾಯಿ ತೆರೆಯುವ ಮೊದಲೇ ಚಿತ್ತಮ್ಮ ಮುಂದೆ ಬಂದು ಕೈ ಮುಗಿದಳು. "ನಾನೇ ಸ್ವಾಮಿ. ತಿಳೀದೆ ಕುಡಿಸ್ಬಿಟ್ಟೆ. ಈ ತಾಯಿ ಬ್ಯಾಡ ಅಂತಾನೇ ಹೇಳಿದ್ರು."

ಅವಳು ನನ್ನನ್ನು ಕಾಪಾಡುತ್ತಿದ್ದಳು. ಗಂಡನ ಜೀವ ಹೋಗುವುದಿತ್ತು, ಆದರೂ ನನ್ನ ಮರ್ಯಾದೆ ಹೋಗಬಾರದೆಂದು ಸುಳ್ಳು ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ, ಒಂದು ಕ್ಷಣ ನಾನು ಸುಮ್ಮನಿದ್ದೆ. ಇಂಗ್ಲಿಷ್ ಔಷಧದ ಡಾಕ್ಟರ ಮುಂದೆ ನಮ್ಮ ಪದ್ಧತಿಯೇ ತಲೆ ತಗ್ಗಿಸಬೇಕಲ್ಲ ಎಂಬ ಯೋಚನೆಯೂ ಬಂತು. ಆ ಒಂದು ಕ್ಷಣಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಿದೆ.

"ಇಲ್ಲ ಡಾಕ್ಟ್ರೇ" ಎಂದೆ. "ನಾನು ಬರೆಸಿದ ಗೋಡೆ ನೋಡಿ ಕುಡಿಸಿದ್ದು. ಕೊಡಬಾರದ್ದು ಯಾವಾಗ ಅಂತ ನಾನು ಬರೆಸಲಿಲ್ಲ. ತಪ್ಪು ನನ್ನದು. ಕೇಸ್ ಷೀಟಿನಲ್ಲಿ ಹಾಗೇ ಬರೀರಿ."

ಅವರು ನನ್ನನ್ನು ಒಮ್ಮೆ, ಚಿತ್ತಮ್ಮನನ್ನು ಒಮ್ಮೆ ನೋಡಿದರು. ಏನು ಬರೆದರೋ ನಾನು ಓದಲಿಲ್ಲ. ಹೋಗುವಾಗ ಮಾತ್ರ ಒಂದು ಕುರ್ಚಿ ಎಳೆದು ನನ್ನ ಹತ್ತಿರ ಇಟ್ಟು ಹೋದರು. ಆಮೇಲೆ ಕಾಟಜ್ಜನಿಗೆ ಚಿತ್ರದುರ್ಗದಲ್ಲಿ ಪ್ರಾಸ್ಟೇಟ್ ಆಪರೇಷನ್ ಆಯಿತು. ಕಿಡ್ನಿ ಉಳಿಯಿತು.

ನೀರಿಳಿದ ಮೇಲೆ ಅದೇ ಪೇಂಟರನ್ನು ಕರೆಸಿದೆ. ಇಡೀ ಗೋಡೆಗೆ ಸುಣ್ಣ ಹೊಡೆಸಿ ಮೊದಲಿನಿಂದ ಬರೆಸಿದೆ. ಗಿಡಗಳ ಹೆಸರನ್ನು ಅರ್ಧಕ್ಕೆ ಇಳಿಸಿದೆ, ಅಕ್ಷರ ಚಿಕ್ಕದಾಯಿತು, ನೋಡಲು ಮೊದಲಿನಷ್ಟು ಚೆಂದ ಕಾಣಲಿಲ್ಲ. ಕೊಡಬಾರದ್ದರ ಸಾಲು ಮಾತ್ರ ಎಲ್ಲಕ್ಕಿಂತ ಮೊದಲು ಬಂತು. ಮೂತ್ರಲದ ಎದುರು ಏನು ಬರೆಯಬೇಕೆಂದು ಈರಣ್ಣನನ್ನು ಕರೆಸಿ ಕೇಳಿದೆ. ಅವನು ನಾಚಿಕೊಂಡು, ರಂಗಸ್ವಾಮಿಯ ಕಡೆ ನೋಡಿ, ಕೊನೆಗೆ ಹೇಳಿದ. ಅದನ್ನೇ ಬರೆಸಿದೆ: "ಉಚ್ಚೆ ಕಟ್ಟಿದವರಿಗೆ ಕೊಡಬ್ಯಾಡ್ರಿ. ಟಗರಿಗೆ ನೀರು ತಪ್ಪಿಸ್ದಂಗೆ ತಪ್ಪಿಸಿ, ಆಸ್ಪತ್ರೆಗೆ ಓಡ್ರಿ."

ಗಿಡದ ಕೆಲಸದ ಹೆಸರು ಗೊತ್ತಿದ್ದರೆ ಅರ್ಧ ಮಾತ್ರ ಗೊತ್ತಿದ್ದಂತೆ. ಯಾರಿಗೆ, ಯಾವಾಗ ಬೇಡ ಎಂಬುದು ಉಳಿದರ್ಧ. ಮತ್ತು ಆ ಉಳಿದರ್ಧ ಎಷ್ಟೋ ಸಲ ನಮ್ಮ ಮುಂದೆ ಕೂತ ರೋಗಿಯ ಮನೆಯಲ್ಲೇ ಇರುತ್ತದೆ, ನಾವು ಕೇಳಿರುವುದಿಲ್ಲ. ಆಮೇಲಿನ ಎರಡು ವರ್ಷ ಔಷಧ ಬರೆಯುವ ಮೊದಲು ನಾನು ಪ್ರತಿಯೊಬ್ಬರನ್ನೂ ಒಂದು ಮಾತು ಕೇಳುತ್ತಿದ್ದೆ: ಇದಕ್ಕೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ? ಮಂಡಿ ನೋವೆಂದು ಬಂದವರಿಗೆ ಮಂಡಿ ಬಿಟ್ಟು ಬೇರೆಯದನ್ನೂ ಕೇಳುತ್ತಿದ್ದೆ.

ನಿವೃತ್ತಿಯ ದಿನ ಚಾರ್ಜ್ ತೆಗೆದುಕೊಳ್ಳಲು ಬಂದ ಹೊಸ ಡಾಕ್ಟರ್ ಹೊರಗೆ ನಿಂತು ಗೋಡೆಯನ್ನೆಲ್ಲ ಓದಿದಳು. ಚುರುಕು ಹುಡುಗಿ, ಚಿನ್ನದ ಪದಕ ಪಡೆದವಳು. ಮೂತ್ರಲದ ಸಾಲಿನ ಹತ್ತಿರ ಬೆರಳಿಟ್ಟು ಕೇಳಿದಳು.

"ಮೇಡಂ, ಇದು ಯಾವ ಗ್ರಂಥದ್ದು?"

"ಈರಣ್ಣಂದು" ಎಂದೆ. "ಹಟ್ಟಿಯಲ್ಲಿ ಕುರಿ ಕಾಯ್ತಾನೆ. ಸೋಮವಾರ ಅವರಣ್ಣನ ಮಂಡಿ ಎಣ್ಣೆಗೆ ಬರ್ತಾನೆ. ಕೂರಿಸಿಕೊಂಡು ಇನ್ನೇನೇನು ಗೊತ್ತು ಅಂತ ಕೇಳಮ್ಮ. ನಾನು ಕೇಳೋಕೆ ಶುರು ಮಾಡಿದ್ದು ಬಹಳ ತಡ ಆಯ್ತು."